ಅಕ್ಕನ ಪಾಲಿನ ಎರಡು ಗುಳಿಗೆ

ಅಕ್ಕ ದಿನಾಲೂ ನುಂಗಬೇಕಾಗಿದ್ದ ಗುಳಿಗೆಗಳಲ್ಲಿ ಎರಡನ್ನು ನಾನು ಅವಳಿಗೆ ಕೊಡಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ತೆಗೆದಿಟ್ಟೆ. ದೀಪಾವಳಿ ಮುಗಿದ ಮೇಲೆ ನಿಲ್ಲಿಸಿದವಳು ಸಂಕ್ರಾಂತಿ ಹತ್ತಿರ ಬರುವ ತನಕ ಹಾಗೇ ನಡೆಸಿದೆ. ಅಕ್ಕ ಕೇಳಿದಾಗ ಸುಳ್ಳು ಹೇಳಿದೆ. ಡಾಕ್ಟರ್ ಕೇಳಿದಾಗ ಹೌದೆಂದು ತಲೆಯಾಡಿಸಿದೆ. ಆಮೇಲೆ ಬಂದದ್ದನ್ನೆಲ್ಲ ಅಕ್ಕ ಒಬ್ಬಳೇ ಮೈಮೇಲೆ ಹೊತ್ತುಕೊಂಡಳು. ನಾನು ಮಾತ್ರ ಅಕ್ಕನನ್ನು ಚೆನ್ನಾಗಿ ನೋಡಿಕೊಳ್ಳುವ ತಂಗಿ ಎಂದು ಹೆಸರು ಪಡೆದೆ.

ನಾವು ಪುಣೆಯಲ್ಲಿ ರೊಟ್ಟಿ ಮಾಡಿ ಮಾರುವವರು. ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಒಲೆ, ಹಿಂದಿನದರಲ್ಲಿ ಸಂಸಾರ. ನಮ್ಮ ಯಜಮಾನರು ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಾರೆ. ಅಕ್ಕ ಗಂಡ ತೀರಿಕೊಂಡ ಮೇಲೆ ವಿಜಾಪುರದ ಕಡೆಯ ಊರಿನಿಂದ ನಮ್ಮ ಹತ್ತಿರ ಬಂದಳು. ಬಂದವಳು ಒಂದು ದಿನವೂ ಸುಮ್ಮನೆ ಕೂಡಲಿಲ್ಲ. ಮೊದಲು ನಮ್ಮ ಕಡೆಯ ಹಮಾಲರಿಗೆ ಬುತ್ತಿ ಕಟ್ಟಿದಳು. ಆಮೇಲೆ ಯಾರ್ಡಿನ ದಲ್ಲಾಳಿಗಳು, ಅಡತ್ ಅಂಗಡಿಯವರು ಕೇಳಿದರು, ಅವರ ಮನೆಯವರು ಕೇಳಿದರು. ಹೀಗೆ ರೊಟ್ಟಿಯ ಧಂದೆ ಬೆಳೆಯಿತು. ಧಂದೆ ಅವಳದು, ನಾನು ಅವಳ ಕೈಕೆಳಗಿನವಳು. ನಾನು ಗಿರಣಿಗೆ ಹೋಗುತ್ತೇನೆ, ಒಲೆ ನೋಡುತ್ತೇನೆ, ಪಲ್ಯ, ಚಟ್ನಿ, ಹಿಂಡಿ ಮಾಡುತ್ತೇನೆ, ಗಿರಾಕಿಗಳ ಹತ್ತಿರ ಮಾತಾಡುತ್ತೇನೆ. ರೊಟ್ಟಿ ಬಡಿಯುವುದು ಅಕ್ಕ.

ಅವಳು ಬಡಿಯುವುದನ್ನು ನೋಡಬೇಕು. ಎಸರು ಕುದಿ ಬರುವ ಮುಂಚೆ ಹಿಟ್ಟಿನ ನಡುವೆ ಗುಂಡಿ ಮಾಡಿ ಇಟ್ಟಿರುತ್ತಾಳೆ. ಕುದಿ ನೀರು ಸುರಿದು, ಕೈ ಸುಡುವಂತಿರುವಾಗಲೇ ಅಂಗೈಯ ಬುಡದಿಂದ ನಾದುತ್ತಾಳೆ. ಹಿಟ್ಟು ಆರಿದ ಮೇಲೆ ನಾದಿದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚನ್ನು ತಿರುಗಿಸುತ್ತಲೇ ಇರುತ್ತದೆ. ಹಲಗೆಯ ಮೇಲೆ ರೊಟ್ಟಿ ತಾನಾಗಿಯೇ ಸುತ್ತುತ್ತಿದೆ ಅನ್ನಿಸಬೇಕು. ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಸವರಿ, ನೀರು ಹೀರಿದ ಕೂಡಲೇ ತಿರುವಬೇಕು. ಕಡಕ್ ರೊಟ್ಟಿಯಾದರೆ ಇನ್ನೂ ಕೆಲಸ ಇದೆ. ಸಣ್ಣ ಉರಿಯ ಮೇಲೆ ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ತೇವ ತೆಗೆದು ಒಲೆಯ ಪಕ್ಕ ಒರಗಿಸಿ ನಿಲ್ಲಿಸಬೇಕು. ಸ್ವಲ್ಪ ತೇವ ಉಳಿದರೂ ಬುಟ್ಟಿಯಲ್ಲಿ ಅದು ಚರ್ಮದ ಹಾಗೆ ಆಗುತ್ತದೆ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹಲವು ವರ್ಷವಾಯಿತು. ಹತ್ತಿರದ ಒಂದು ಟ್ರಸ್ಟಿನ ದವಾಖಾನೆಯಲ್ಲಿ ತೋರಿಸುತ್ತೇವೆ. ಸಕ್ಕರೆಗೆ ಗುಳಿಗೆ, ಬಿ.ಪಿ.ಗೆ ಒಂದು, ಕೊಬ್ಬಿಗೆ ಒಂದು. ಅಕ್ಕನಿಗೆ ಅಕ್ಷರ ಗೊತ್ತಿಲ್ಲ. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಕನ್ನಡ ಓದುತ್ತೇನೆ, ಬಸ್ಸಿನ ಫಲಕ ಓದಿ ಓದಿ ಮರಾಠಿಯೂ ಬಂದಿದೆ. ಇಂಗ್ಲಿಷ್ ಬರುವುದಿಲ್ಲ. ಗುಳಿಗೆಯ ಚೀಟಿಯ ಮೇಲಿನ ಹೆಸರನ್ನು ನಾನೂ ಓದಲಾರೆ, ಬಣ್ಣ ನೋಡಿ ಗುರುತು ಹಿಡಿಯುತ್ತೇನೆ. ಆದರೂ ಮನೆಯಲ್ಲಿ ಓದಿದವಳು ನಾನೇ. ದಿನಾ ಬೆಳಿಗ್ಗೆ ಗುಳಿಗೆಗಳನ್ನು ತೆಗೆದು ಅಕ್ಕನ ಅಂಗೈಗೆ ಹಾಕುವ ಕೆಲಸ ನನ್ನದಾಯಿತು. ಅವಳು ನೋಡುವುದೂ ಇಲ್ಲ, ಹಿಟ್ಟಿನ ಕೈಯಲ್ಲೇ ಬಾಯಿಗೆ ಹಾಕಿಕೊಂಡು ನೀರು ಕುಡಿದುಬಿಡುತ್ತಾಳೆ.

ದೀಪಾವಳಿಯ ಹೊತ್ತಿಗೆ ಅವಳಿಗೆ ತೋಳು ನೋಯತೊಡಗಿತು. ಸಂಜೆ ತೋಳಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ಒಂದು ದಿನ ಒಲೆಯ ಮುಂದಿನಿಂದ ಏಳುವಾಗ ತಲೆ ತಿರುಗಿ ಗೋಡೆ ಹಿಡಿದಳು. ಓಣಿಯಲ್ಲಿ ಯಾರೋ ಹೇಳಿದರು, ಕೊಬ್ಬಿನ ಗುಳಿಗೆ ತಗೊಂಡರೆ ಮೈಕೈ ನೋಯುತ್ತದೆ, ಬಿ.ಪಿ. ಗುಳಿಗೆ ತಗೊಂಡರೆ ತಲೆ ತಿರುಗುತ್ತದೆ ಎಂದು. ಅದೇ ವಾರ ದವಾಖಾನೆಯಲ್ಲಿ ಸಕ್ಕರೆ ನೋಡಿದರು. ಚೆನ್ನಾಗಿದೆ ಅಂದರು. ಬಿ.ಪಿ.ಯೂ ಸರಿಯಾಗಿದೆ ಅಂದರು. ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಇರುವ ರೋಗ ಸಕ್ಕರೆಯದು, ಸಕ್ಕರೆ ಸರಿಯಾಗಿದೆ. ಬಿ.ಪಿ. ಸರಿಯಾಗಿದ್ದರೆ ಅದಕ್ಕೆ ಗುಳಿಗೆ ಯಾಕೆ? ಅಕ್ಕನ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ, ಅವಳಿಗೆ ಕೊಬ್ಬು ಎಲ್ಲಿಂದ ಬಂತು? ಜೋಳ ತಿಂದು ಬೆಳೆದವರಿಗೆ ಕೊಬ್ಬಿನ ರೋಗ ಬರುವುದಿಲ್ಲ ಎಂದು ನಾವು ರೊಟ್ಟಿ ಮಾರುವಾಗ ಗಿರಾಕಿಗಳಿಗೆ ಹೇಳುತ್ತಿದ್ದೆವು. ಹೇಳಿ ಹೇಳಿ ನಾನೇ ಅದನ್ನು ನಂಬಿದ್ದೆ.

ಇದೆಲ್ಲ ಅಕ್ಕನ ಒಳ್ಳೆಯದಕ್ಕೇ ಎಂದು ಆಗ ಅಂದುಕೊಂಡೆ. ಅರ್ಧ ಮಾತ್ರ ನಿಜ. ಭೋಗಿ ಹಬ್ಬದ ಆರ್ಡರ್ ಬರುವ ಕಾಲ ಅದು. ಸಂಕ್ರಾಂತಿಯ ಹಿಂದಿನ ದಿನ ನಮ್ಮ ಕಡೆಯವರಿಗೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕು, ಮರಾಠಿಯವರಿಗೂ ಬೇಕು. ವರ್ಷದಲ್ಲಿ ನಮಗೆ ದೊಡ್ಡ ದಿನ ಅದು. ಅದಕ್ಕೂ ಮುಂಚಿನಿಂದಲೇ ಕಡಕ್ ರೊಟ್ಟಿಯ ಬುಟ್ಟಿ ತುಂಬಬೇಕು. ಅಕ್ಕನ ತೋಳು ನಡೆಯದಿದ್ದರೆ ಏನೂ ನಡೆಯುವುದಿಲ್ಲ. ನನಗೆ ಅವಳ ತೋಳು ಬೇಕಾಗಿತ್ತು.

ದವಾಖಾನೆಗೆ ಹೋಗಿ ಬಂದ ಮರುದಿನ ಅಂಗೈಗೆ ಗುಳಿಗೆ ಹಾಕಿದಾಗ ಅಕ್ಕ ಅವತ್ತೇ ಯಾಕೋ ಕೈ ನೋಡಿಕೊಂಡಳು.

"ಇವತ್ತ ಕಡಿಮಿ ಅದಾವಲ್ಲ?"

"ಸಕ್ರಿ ಇಳದದ ಅಲ್ಲೇನ, ಅದಕ್ಕಽ ಕಡಿಮಿ ಆಗ್ಯಾವ," ಅಂದೆ.

"ಚಲೋ ಆತು ನೋಡು. ನುಂಗಿ ನುಂಗಿ ನಾಲಿಗಿ ಮರಗಟ್ಟಿತ್ತು."

ಕೆಲವು ದಿನಗಳಲ್ಲಿ ತೋಳಿನ ನೋವು ಕಡಿಮೆಯಾಯಿತು. ತಲೆ ತಿರುಗುವುದೂ ನಿಂತಿತು. ಅಕ್ಕ ಖುಷಿಯಾಗಿ ಬಡಿಯತೊಡಗಿದಳು. ಡಾಕ್ಟರಿಗೆ ತಿಳಿಯದ್ದು ನನಗೆ ತಿಳಿಯಿತು ಎಂದು ನನಗೆ ಒಳಗೊಳಗೇ ಹೆಮ್ಮೆ.

ಮಾರ್ಗಶಿರದಲ್ಲಿ ಮತ್ತೆ ದವಾಖಾನೆಗೆ ಹೋದೆವು. ಅಲ್ಲಿನ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ಸಣ್ಣವರು, ಮರಾಠಿಯವರು. ಎಷ್ಟು ಜನ ಕಾಯುತ್ತಿದ್ದರೂ ರೋಗಿಯ ಮುಖ ನೋಡಿ ಮಾತಾಡುತ್ತಾರೆ. ಅಕ್ಕನ ಬಿ.ಪಿ. ನೋಡಿದರು, ಸ್ವಲ್ಪ ಹೊತ್ತು ಕೂಡಿಸಿ ಮತ್ತೆ ನೋಡಿದರು.

"ಮಾವಶಿ, ಬಿ.ಪಿ. ಜಾಸ್ತಿ ಇದೆಯಲ್ಲ. ಗುಳಿಗೆ ಸರಿಯಾಗಿ ತಗೊಳ್ತೀರಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ಮಾವಶಿ ಅಂದರೆ ಚಿಕ್ಕಮ್ಮ.

ಅಕ್ಕ ತನ್ನ ಹರಕು ಮರಾಠಿಯಲ್ಲಿ ಎದೆಯುಬ್ಬಿಸಿ ಹೇಳಿದಳು, ಒಂದು ದಿನವೂ ತಪ್ಪಿಸಿಲ್ಲ, ನನ್ನ ತಂಗಿ ಓದಿದವಳು, ಅವಳೇ ಕೈಯಾರೆ ಕೊಡುತ್ತಾಳೆ ಎಂದು. ಮೇಡಂ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಹೌದು ಅನ್ನುವ ಹಾಗೆ ಆಡಿಸಿದೆ.

"ಕೆಲಸ ಜಾಸ್ತಿ ಇರಬೇಕು. ಉಪ್ಪು ಕಡಿಮೆ ಮಾಡಿ, ಎರಡು ವಾರ ಬಿಟ್ಟು ಬನ್ನಿ. ಹೀಗೇ ಇದ್ದರೆ ಗುಳಿಗೆ ಹೆಚ್ಚಿಸಬೇಕಾಗುತ್ತದೆ," ಅಂದರು.

ಅವತ್ತೇ ಮನೆಗೆ ಬಂದು ಆ ಗುಳಿಗೆಗಳನ್ನು ಶುರು ಮಾಡಬಹುದಿತ್ತು. ಮಾಡಲಿಲ್ಲ. ಅಕ್ಕನ ತೋಳು ಮತ್ತೆ ನೋಯುತ್ತದೆ, ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡೆ. ಎರಡು ವಾರಕ್ಕೆ ದವಾಖಾನೆಗೂ ಕರೆದುಕೊಂಡು ಹೋಗಲಿಲ್ಲ. ಸಜ್ಜಿ ತರಿಸಿ ಆರಿಸಿ ಗಿರಣಿಗೆ ಒಯ್ಯುವ ಕೆಲಸ ಶುರುವಾಗಿತ್ತು. ಸಜ್ಜಿ ಹಿಟ್ಟು ಇಟ್ಟರೆ ಕಹಿಯಾಗುತ್ತದೆ. ಹೀಗಾಗಿ ದಿನದ ಹಿಟ್ಟು ದಿನವೇ ಬೀಸಿಸಬೇಕು.

ಒಂದು ಸಂಜೆ ಗಿರಣಿಗೆ ಅಕ್ಕನೂ ಬಂದಿದ್ದಳು. ಬರುವಾಗ ಓಣಿಯ ಬಳೆ ಅಂಗಡಿಯ ಮುಂದೆ ನಿಂತಳು. ಸ್ವಲ್ಪ ನಡೆದು ಪಾತ್ರೆ ಅಂಗಡಿಯ ಮುಂದೆ ನಿಂತಳು. ಮತ್ತೆ ಸ್ವಲ್ಪ ನಡೆದು ಚಪ್ಪಲಿ ಅಂಗಡಿ.

"ಏನ ತಗೊಳ್ಳಾಕಿ ಅದಿ?" ಎಂದು ಕಾಡಿದೆ.

"ಏನೂ ತಗೊಳ್ಳಂಗಿಲ್ಲ. ನೋಡಿದ್ರ ಅಂಗಡಿ ಸವದು ಹೋಗ್ತಾವೇನು?"

ಅವಳಿಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ಅದನ್ನು ಹೇಳದೆ ಅಂಗಡಿ ನೋಡುವವಳ ಹಾಗೆ ನಿಲ್ಲುತ್ತಿದ್ದಳು. ಹಬ್ಬದ ಮುಂದೆ ನನಗೆ ಚಿಂತೆ ಹಚ್ಚಬಾರದು ಎಂದು. ಇದು ಆಮೇಲೆ ಗೊತ್ತಾಯಿತು.

ಅದರ ಮಾರನೆಯ ವಾರ, ಚಳಿ ಜೋರಾಗಿದ್ದ ಬೆಳಿಗ್ಗೆ, ಬಡಿಯುತ್ತಿದ್ದ ಸಪ್ಪಳ ನಿಂತಿತು. ನಾನು ಹಂಚಿನ ಕಡೆ ಮುಖ ಮಾಡಿದ್ದವಳು ತಿರುಗಿ ನೋಡಿದೆ. ಅಕ್ಕ ಎರಡೂ ಕೈ ಹಲಗೆಯ ಮೇಲೆ ಊರಿ ಕೂತಿದ್ದಳು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಎದಿ ನೋಯಾಕತ್ತದೇನ?"

"ನೋವಲ್ಲ. ದಮ್ಮು ಸಾಲವಲ್ದು. ಇಲ್ಲಿ ದವಡಿ ಒಂದೀಟು ಬಿಗದಂಗ ಆಗ್ಯದ. ವಾಯು ಇರಬೇಕು."

ಓಂಕಾಳು ಅಗಿಯಲು ಕೊಟ್ಟೆ, ಬಿಸಿನೀರು ಕೊಟ್ಟೆ. ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು. ಅವಳು ಮತ್ತೆ ಹಲಗೆ ಎಳೆದುಕೊಂಡಳು. ನಾನು ಬೇಡ ಅನ್ನಲಿಲ್ಲ. ಇನ್ನೂ ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಮತ್ತೆ ಅದೇ ಆಯಿತು. ಆಗ ನನಗೆ ಹೆದರಿಕೆ ಹುಟ್ಟಿತು. ಹಲಗೆ ನಾನು ತೆಗೆದುಕೊಂಡೆ. ನಾನು ಬಡಿದ ರೊಟ್ಟಿ ಮಹಾರಾಷ್ಟ್ರದ ನಕಾಶೆಯ ಹಾಗೆ ಆಯಿತು. ಅಕ್ಕ ಗೋಡೆಗೆ ಒರಗಿಕೊಂಡೇ ನಕ್ಕಳು.

"ಇದನ್ನ ಯಾರಿಗೂ ತೋರಸಬ್ಯಾಡ. ಧಂದೆ ಮುಚ್ಚತದ."

ಒಲೆ ಆರಿಸಿ ದವಾಖಾನೆಗೆ ಕರೆದುಕೊಂಡು ಹೋದೆ.

ಮೇಡಂ ಬಿ.ಪಿ. ನೋಡಿದರು. ಹಿಂದಿನ ಸಲಕ್ಕಿಂತ ಹೆಚ್ಚಾಗಿತ್ತು. ಅಕ್ಕನನ್ನು ಇ.ಸಿ.ಜಿ. ತೆಗೆಯುವ ಕೋಣೆಗೆ ಕಳಿಸುವ ಮುಂಚೆ ಮತ್ತೆ ಅದೇ ಪ್ರಶ್ನೆ ಕೇಳಿದರು, ಅಕ್ಕ ಅದೇ ಉತ್ತರ ಕೊಟ್ಟಳು. ಒಂದೂ ತಪ್ಪಿಲ್ಲ. ನರ್ಸ್ ಅವಳನ್ನು ಕರೆದೊಯ್ದರು. ಮೇಡಂ ಬರೆಯುತ್ತಾ ತಮ್ಮಷ್ಟಕ್ಕೆ ಅಂದರು, "ಇಷ್ಟು ಗುಳಿಗೆ ತಗೊಂಡೂ ಇಷ್ಟು ಬಿ.ಪಿ. ಇದೆ ಅಂದರೆ ಎರಡು ಪಟ್ಟು ಮಾಡಿ ಇನ್ನೊಂದು ಸೇರಿಸಬೇಕು."

ನನಗೆ ಆಗ ಎರಡು ಕಡೆಯಿಂದಲೂ ಹೆದರಿಕೆ ಬಂತು. ಈಗಲೂ ಸುಮ್ಮನಿದ್ದರೆ ಅಕ್ಕನ ಹೊಟ್ಟೆಗೆ ಹೋಗುವ ಔಷಧವೆಲ್ಲ ನನ್ನ ಸುಳ್ಳಿನ ಮೇಲೆ ಲೆಕ್ಕ ಹಾಕಿದ್ದಾಗುತ್ತದೆ. ಮನೆಗೆ ಹೋಗಿ ಹೆದರಿ ಎಲ್ಲವನ್ನೂ ಒಮ್ಮೆಲೇ ಕೊಟ್ಟರೆ ಏನಾದೀತು? ಹೇಳಿದರೆ ಇವರು ನನ್ನನ್ನು ಏನೆಂದು ತಿಳಿದಾರು? ಇ.ಸಿ.ಜಿ. ಕೋಣೆಯ ಪರದೆ ಎಳೆದಿತ್ತು. ಅಕ್ಕ ಅದರ ಆಚೆ ನರ್ಸಿಗೆ ರೊಟ್ಟಿ ಹಿಟ್ಟಿನ ಬಗ್ಗೆ ಏನೋ ಹೇಳುತ್ತಿದ್ದಳು.

"ಬರೀಬ್ಯಾಡ್ರಿ ಮೇಡಂ," ಎಂದೆ. ಕನ್ನಡದಲ್ಲೇ ಬಂತು. ಆಮೇಲೆ ಮರಾಠಿಯಲ್ಲಿ ಹೇಳಿದೆ. ಬಿ.ಪಿ. ಗುಳಿಗೆ, ಕೊಬ್ಬಿನ ಗುಳಿಗೆ ಎರಡನ್ನೂ ನಾನು ನಿಲ್ಲಿಸಿದ್ದೇನೆ, ದೀಪಾವಳಿಯಿಂದ ಕೊಟ್ಟಿಲ್ಲ, ಅಕ್ಕನಿಗೆ ಇದು ಗೊತ್ತಿಲ್ಲ ಎಂದೆ.

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ತೋಳು ನೋವು, ತಲೆ ತಿರುಗಿದ್ದು, ಸಕ್ಕರೆ ಚೆನ್ನಾಗಿದ್ದದ್ದು ಎಲ್ಲ ಹೇಳಿದೆ. ಹಬ್ಬದ ಆರ್ಡರ್ ಇದ್ದದ್ದನ್ನೂ ಹೇಳಿದೆ.

"ನೋವಾದರೆ ನನಗೆ ಹೇಳಬೇಕಿತ್ತು. ಗುಳಿಗೆಯ ಜಾತಿ ಬದಲಿಸಬಹುದು, ಪ್ರಮಾಣ ಬದಲಿಸಬಹುದು, ಹೊತ್ತು ಬದಲಿಸಬಹುದು. ಬಿ.ಪಿ. ಸರಿ ಇದ್ದದ್ದೇ ಆ ಗುಳಿಗೆಯಿಂದ," ಎಂದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಸಕ್ಕರೆ ಕಾಯಿಲೆ ಇರುವವರಿಗೆ ರಕ್ತನಾಳದ ಒಳಗೋಡೆ ಬೇರೆಯವರಿಗಿಂತ ಬೇಗ ಕೆಡುತ್ತದೆ. ಸಕ್ಕರೆ ಒಂದನ್ನೇ ಹಿಡಿತದಲ್ಲಿಟ್ಟರೆ ಸಾಲದು. ಬಿ.ಪಿ., ಕೊಬ್ಬು, ತಂಬಾಕು, ಉಪ್ಪು ಎಲ್ಲವನ್ನೂ ಹಿಡಿಯಬೇಕು. ಕೊಬ್ಬಿನ ಗುಳಿಗೆ ಮೈ ಇಳಿಸುವುದಕ್ಕಲ್ಲ, ನಾಳದ ಗೋಡೆಗೆ ಕೊಬ್ಬು ಅಂಟದಂತೆ ಕಾಯುವುದಕ್ಕೆ. ತೆಳ್ಳಗಿರುವವರಿಗೂ ಅದು ಬೇಕು. ಸಕ್ಕರೆಯವರಿಗೆ ಹೃದಯದ ನೋವು ನೋವಾಗಿ ಗೊತ್ತಾಗದೆ ದಮ್ಮಾಗಿ, ಬೆವರಾಗಿ, ದವಡೆಯ ಬಿಗಿತವಾಗಿ ಬರಬಹುದು. ನಾನು ಓಂಕಾಳು ಕೊಟ್ಟದ್ದು ಆ ನೋವಿಗೆ.

ಅಕ್ಕ ಹೊರಗೆ ಬಂದ ಮೇಲೆ ಮೇಡಂ ಅವಳ ಪಾದ ಮುಟ್ಟಿ ನಾಡಿ ನೋಡಿದರು. ಎಡಗಾಲಿನಲ್ಲಿ ಸಿಗುವುದು ತಡವಾಯಿತು. ನಡೆದರೆ ಕಾಲು ಹಿಡಿಯುತ್ತದೆಯೇ ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿ, ಸಿಕ್ಕಿಬಿದ್ದವಳ ಹಾಗೆ ನಕ್ಕು, ಬಳೆ ಅಂಗಡಿಯ ವಿಷಯ ಹೇಳಿದಳು. ಆಮೇಲೆ ಮೇಡಂ ಅವಳ ಕಪ್ಪು ಹಲ್ಲು ನೋಡಿದರು.

"ಮಾವಶಿ, ಮಿಶ್ರಿ ಹಚ್ಚುತ್ತೀರಾ?"

ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ. ಅಕ್ಕ ಅದರಿಂದಲೇ ಹಲ್ಲುಜ್ಜುತ್ತಾ ಬಂದವಳು. ಬೆಳಿಗ್ಗೆ ಒಮ್ಮೆ, ರೊಟ್ಟಿ ಮುಗಿದ ಮೇಲೆ ಒಮ್ಮೆ, ಬೇಸರವಾದರೆ ಇನ್ನೊಮ್ಮೆ. ತಂಬಾಕು ಇದೆಯೇ ಎಂದು ಇಷ್ಟು ವರ್ಷ ಕೇಳಿದಾಗೆಲ್ಲ ಇಲ್ಲ ಎಂದೇ ಹೇಳಿದ್ದಳು, ನಾನೂ ಇಲ್ಲ ಎಂದಿದ್ದೆ. ನಮಗೆ ಅದು ಹಲ್ಲಿನ ಪುಡಿ.

"ಅದು ಹಲ್ಲಿಗಿರಿ. ನಾ ತಿನ್ನಂಗಿಲ್ಲ, ಉಗುಳಿಬಿಡ್ತೀನಿ," ಅಂದಳು.

"ಒಸಡಿನಿಂದ ರಕ್ತಕ್ಕೆ ಹೋಗುತ್ತದೆ ಮಾವಶಿ. ಈ ಕಾಲಿಗೂ ಎದೆಗೂ ಅದು ವಿಷ."

ಇ.ಸಿ.ಜಿ. ಪೂರ್ತಿ ಸರಿಯಿರಲಿಲ್ಲ. ಅವತ್ತೇ ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಹೊರಡುವಾಗ ನನ್ನನ್ನು ಹಿಂದಕ್ಕೆ ಕರೆದು, "ಇದು ಎರಡು ತಿಂಗಳಲ್ಲಿ ಆದದ್ದಲ್ಲ, ವರ್ಷಗಳಿಂದ ಆದದ್ದು. ಆದರೆ ಆ ಎರಡು ತಿಂಗಳು ಅವರಿಗೆ ರಕ್ಷಣೆ ಇರಲಿಲ್ಲ. ಅಲ್ಲಿನವರಿಗೆ ನಾನು ನಿಜ ಬರೆದಿದ್ದೇನೆ. ನಿಮ್ಮ ಅಕ್ಕನಿಗೆ ನೀವು ಹೇಳಿ. ತಾನು ಏನು ತಗೊಳ್ಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಬೇಕು," ಎಂದರು.

ಹೇಳುತ್ತೇನೆ ಎಂದೆ.

ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನನ್ನು ಇರಿಸಿಕೊಂಡರು. ಕೈಯ ನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ ಬಣ್ಣ ಬಿಟ್ಟು ನೋಡಿದರು. ಹೃದಯದ ಒಂದು ನಾಳ ಕಿರಿದಾಗಿತ್ತು. ಹೃದಯಕ್ಕೆ ಇನ್ನೂ ಪೆಟ್ಟಾಗಿರಲಿಲ್ಲ. ಸದ್ಯಕ್ಕೆ ನಾಳ ಅಗಲಿಸುವ ಸ್ಪ್ರಿಂಗ್ ಹಾಕುವುದು ಬೇಡ, ಗುಳಿಗೆ ತಪ್ಪದೆ ತಗೊಂಡು, ತಂಬಾಕು ಬಿಟ್ಟು, ದಿನಾ ನಡೆದರೆ ಇದನ್ನು ಇಲ್ಲಿಗೇ ನಿಲ್ಲಿಸಬಹುದು ಎಂದರು. ತಪ್ಪಿದರೆ ಮುಂದಿನ ಸಲ ಹೀಗೆ ನಡೆದುಕೊಂಡು ಬರುವುದಿಲ್ಲ ಎಂದೂ ಹೇಳಿದರು. ಎಚ್ಚರಿಕೆ ಇದ್ದದ್ದು ಅಕ್ಕನಿಗೆ, ಬಿಸಿ ತಟ್ಟಿದ್ದು ನನಗೆ.

ಮನೆಗೆ ಬಂದ ದಿನವೇ ನಾನು ಗಿರಾಕಿಗಳಿಗೆ ಫೋನ್ ಮಾಡಿ ಈ ಸಲ ಭೋಗಿಗೆ ರೊಟ್ಟಿ ಇಲ್ಲ ಎಂದು ಹೇಳತೊಡಗಿದೆ. ನಿಜ ಕಾರಣ ಹೇಳಲಿಲ್ಲ. ಊರಿಗೆ ಹೋಗುವುದಿದೆ ಎಂದೆ. ಎರಡನೆಯ ಫೋನಿನ ನಡುವೆ ಅಕ್ಕ ಎದ್ದು ಬಂದಳು.

"ಯಾವ ಊರು? ಯಾರು ಸತ್ತಾರ ಊರಾಗ?"

"ಅಕ್ಕಾ, ನೀ ಬಡೀಬಾರದು ಅಂದಾರ."

"ಬಡೀಬಾರದು ಅಂದಾರ, ಸುಳ್ಳ ಹೇಳು ಅಂದಾರೇನು? ರೊಟ್ಟಿ ನಂದು. ಒಲ್ಲೆ ಅನ್ನೂದು ನಾನಽ ಅಂತೀನಿ. ಹಚ್ಚಿಕೊಡು ಫೋನು."

ಒಬ್ಬೊಬ್ಬರಿಗೂ ತಾನೇ ಮಾತಾಡಿದಳು. ಎದೆಯ ನಾಳ ಸಣ್ಣದಾಗಿದೆ, ಸಕ್ಕರೆ ಮಾಡಿದ ಕೆಲಸ, ಈ ವರ್ಷ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದಳು. ಒಬ್ಬಿಬ್ಬರು ಗೊಣಗಿದರು. ಒಬ್ಬ ಅಡತ್ ವ್ಯಾಪಾರಿ, "ಅಲ್ರೀ ಅಕ್ಕಾರ, ಹಬ್ಬದ ಬಾಯಾಗ ಹಿಂಗಂದ್ರ ಹೆಂಗ್ರಿ?" ಅಂದರು. "ಹಬ್ಬ ಮುಂದಿನ ವರ್ಷನೂ ಬರತದ್ರಿ ಸಾವ್ಕಾರ, ನಾನೂ ಇರಬೇಕಲ್ರಿ," ಎಂದು ನಕ್ಕಳು. ಅವರೂ ನಕ್ಕರು. ಮರಾಠಿ ಹೆಂಗಸೊಬ್ಬರು, ನಾವು ಕಾಕೂ ಎಂದು ಕರೆಯುವವರು, ಪ್ರತಿವರ್ಷ ತಮ್ಮ ಸೊಸೈಟಿಯ ಮನೆಗಳಿಗೆಲ್ಲ ರೊಟ್ಟಿ ಒಯ್ಯುತ್ತಿದ್ದರು. ಅವರು ದೇವರ ನೈವೇದ್ಯಕ್ಕಾದರೂ ಸ್ವಲ್ಪ ಕೊಡಿ ಎಂದರು. ಅಷ್ಟಕ್ಕೆ ಮಾತ್ರ ಅಕ್ಕ ಒಪ್ಪಿದಳು, ತಂಗಿ ಬಡಿಯುತ್ತಾಳೆ, ನಕಾಶೆ ಆದರೂ ನಡೆಯುತ್ತದೆಯೇ ಎಂದು ಕೇಳಿಯೇ ಒಪ್ಪಿದಳು.

ಮಿಶ್ರಿಯ ಡಬ್ಬಿಯನ್ನು ಅವಳೇ ತಂದು ಒಲೆಗೆ ಸುರಿದಳು. ಹೊಗೆ ಎದ್ದು ಇಬ್ಬರೂ ಕೆಮ್ಮಿದೆವು. "ನೋಡು, ಒಲಿಗೂ ಚಟಾ ಹತ್ತಿತು," ಅಂದಳು. ಆ ಮಾತಿಗೆ ನಕ್ಕೆವು. ಆದರೆ ಆಮೇಲಿನ ದಿನಗಳು ನಗುವಂಥವಾಗಿರಲಿಲ್ಲ. ತಲೆನೋವು, ಸಿಡುಕು, ಬೆಳಿಗ್ಗೆ ಹೊಟ್ಟೆ ಸರಿ ಹೋಗದೆ ಒದ್ದಾಟ. ಕೂತಲ್ಲೇ ಅವಳ ಕೈ ಆ ಡಬ್ಬಿ ಇರುತ್ತಿದ್ದ ಗೋಡೆಯ ಗೂಡಿನ ಕಡೆ ಹೋಗಿ ಖಾಲಿ ಗೂಡು ತಡವಿ ವಾಪಸು ಬರುತ್ತಿತ್ತು. ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಕನಿಕರಪಟ್ಟು ಒಂದು ಚಿಟಿಕೆ ಮಿಶ್ರಿ ಹಿಡಿದು ಬಂದಳು. ಅಕ್ಕ ಅವಳ ಮುಷ್ಟಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ನೀನೂ ಬಿಡು, ಇಬ್ರೂ ಕೂಡಿ ಜಗಳಾಡಾಕ ಬರತದ," ಎಂದು ಕಳಿಸಿದಳು. ಮದುವೆಗೂ ಮುಂಚಿನಿಂದ ಇದ್ದ ಚಟ ಅದು.

ಊಟವನ್ನೂ ಬದಲಿಸಿದಳು. ನಮ್ಮಲ್ಲಿ ರೊಟ್ಟಿ ಬಡಿದವಳು ಕಡೆಗೆ ಉಣ್ಣುತ್ತಾಳೆ. ಮಾರಲು ಬಾರದ ಒಡಕು ರೊಟ್ಟಿ, ಅದರ ಮೇಲೆ ಮಜ್ಜಿಗೆ, ನಂಚಿಕೊಳ್ಳಲು ಉಪ್ಪಿನಲ್ಲಿ ಒಣಗಿಸಿ ಕರಿದ ಮೆಣಸಿನಕಾಯಿ, ಇದೇ ಅವಳ ಊಟವಾಗಿತ್ತು. ಹಸಿವು ಸತ್ತ ಹೊತ್ತಿನಲ್ಲಿ, ನಿಂತುಕೊಂಡು. ಬೆಳಗಿನ ಗುಳಿಗೆಯನ್ನೂ ಖಾಲಿ ಹೊಟ್ಟೆಯಲ್ಲಿ ನುಂಗಿ ಒಲೆಯ ಮುಂದೆ ಕೂಡುತ್ತಿದ್ದಳು. ತಲೆ ತಿರುಗಿದ್ದಕ್ಕೆ ಅದೂ ಕಾರಣವಿರಬಹುದು ಎಂದು ಮೇಡಂ ಹೇಳಿದ್ದರು. ಈಗ ಹೊತ್ತಿಗೆ ಸರಿಯಾಗಿ ಮೊದಲು ತಾನೇ ಕೂಡುತ್ತಾಳೆ. ಮೊದಮೊದಲು ನಾಚಿಕೆಯಾಗುತ್ತಿತ್ತು ಅವಳಿಗೆ. ನಮ್ಮ ಯಜಮಾನರು ಬಂದರೆ ತಾಟು ಹಿಂದೆ ಸರಿಸುತ್ತಿದ್ದಳು. ಅವರೇ, "ಉಣ್ರೀ ಅಕ್ಕಾರ, ನಿಮಗಿಂತ ಮೊದಲ ಉಂಡು ನಾವೇನು ದೊಡ್ಡವರಾಗೂದದ," ಎಂದು ಹೊರಗೆ ಹೋಗಿ ನಿಲ್ಲುತ್ತಿದ್ದರು. ಹಿಟ್ಟಿಗೆ ಉಪ್ಪು ಹಾಕುವುದನ್ನು ಬಿಟ್ಟಳು. ಸೊಪ್ಪು, ಕಾಳು, ಹಸಿ ಸೌತೆಕಾಯಿ, ಎರಡರ ಬದಲು ಒಂದು ರೊಟ್ಟಿ.

ಮಧ್ಯಾಹ್ನ ಯಾರ್ಡ್ ಖಾಲಿಯಾದ ಮೇಲೆ ನಡೆಯಲು ಹೋಗುತ್ತಿದ್ದೆವು. ಕಾಲು ಹಿಡಿದಾಗ ನಿಲ್ಲುವುದು, ಬಿಟ್ಟ ಮೇಲೆ ಮತ್ತೆ ನಡೆಯುವುದು, ಹೀಗೆ ನಡೆದರೇ ಕಾಲಿನ ರಕ್ತ ದಾರಿ ಮಾಡಿಕೊಳ್ಳುತ್ತದೆ ಎಂದು ಮೇಡಂ ಹೇಳಿದ್ದರು. ಅಕ್ಕ ಈಗ ಅಂಗಡಿ ನೋಡುವ ನೆಪ ಮಾಡಲಿಲ್ಲ. ನಡು ರಸ್ತೆಯಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತು, "ಇಲ್ಲೀತನಕ ಬಂತು ಗಾಡಿ," ಎಂದು ಹಮಾಲರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಮರುದಿನ ಅದಕ್ಕಿಂತ ಆಚೆ ನಿಲ್ಲುತ್ತಿದ್ದಳು. ಕೊಬ್ಬಿನ ಗುಳಿಗೆಯ ಜಾತಿ ಬದಲಿಸಿದ್ದರು, ತೋಳು ಹಿಂದಿನ ಹಾಗೆ ನೋಯಲಿಲ್ಲ. ಬಿ.ಪಿ. ಇಳಿಯತೊಡಗಿತು. ದವಡೆ ಬಿಗಿಯುವುದು ಮತ್ತೆ ಬರಲಿಲ್ಲ.

ಇಷ್ಟೆಲ್ಲ ಅವಳು ಮಾಡುತ್ತಿರುವಾಗ ನಾನು ಒಂದು ಮಾತು ಹೇಳುವುದಕ್ಕೆ ದಿನ ದೂಡುತ್ತಿದ್ದೆ. ಗುಳಿಗೆ ಮತ್ತೆ ಹೆಚ್ಚಾದದ್ದನ್ನು ಅವಳು ನೋಡಿದಳು. "ಡಾಕ್ಟರ್ ಹೊಸಾವು ಕೊಟ್ಟಾರ," ಅಂದೆ. ಅದರಲ್ಲಿ ಹೊಸದಲ್ಲದ್ದೂ ಇತ್ತು. ದವಾಖಾನೆಗೆ ಮತ್ತೆ ಹೋದಾಗ ಮೇಡಂ ನನ್ನ ಕಡೆ ನೋಡಿ, ಹೇಳಿದಿರಾ ಎಂದು ಕಣ್ಣಲ್ಲೇ ಕೇಳಿದರು. ನಾನು ನೆಲ ನೋಡಿದೆ. ಅವರು ಅಕ್ಕನ ಭುಜ ತಟ್ಟಿ, ನಿಮ್ಮಂಥ ರೋಗಿಗಳಿದ್ದರೆ ನನ್ನ ಕೆಲಸ ಹಗುರ ಎಂದರು.

ಭೋಗಿಯ ಬೆಳಿಗ್ಗೆ ಕಾಕೂ ಅವರ ರೊಟ್ಟಿ ಮಾಡಲು ಕೂತೆವು. ಅಕ್ಕ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದಳು. ನಾನು ನಾದಿದೆ, ನಾನು ಬಡಿದೆ, ಅವಳು ಎಳ್ಳು ಒತ್ತಿದಳು.

"ಅಂಚಿಗೆ ಬಡಿ, ನಡುವ ಬಡದ್ರ ತೂತ ಬೀಳತದ. ಹಾಂ, ಹಂಗ. ಹಿಟ್ಟಿನ ಮ್ಯಾಲ ಸಿಟ್ಟ ಮಾಡಬ್ಯಾಡ."

ಕಾಕೂ ತಾವೇ ಬಂದರು. ರೊಟ್ಟಿ ಎತ್ತಿ ನೋಡಿ, ಪರವಾಗಿಲ್ಲ, ನಕಾಶೆ ಅಲ್ಲ, ಹುಣ್ಣಿಮೆಗೆ ಎರಡು ದಿನ ಮುಂಚಿನ ಚಂದ್ರ ಎಂದರು. ಅಕ್ಕನ ಮುಖ ಗೆಲುವಾದದ್ದನ್ನು ನೋಡಿ ಆರೋಗ್ಯ ವಿಚಾರಿಸಿದರು. ಅಕ್ಕ ಬಟ್ಟೆಯಲ್ಲಿ ರೊಟ್ಟಿ ಸುತ್ತುತ್ತಾ ಮರಾಠಿಯಲ್ಲಿ ಹೇಳಿದಳು, ನನ್ನದೇನೂ ಇಲ್ಲ ಕಾಕೂ, ಎಲ್ಲ ಇವಳಿಂದ. ನಾನು ಅಕ್ಷರ ತಿಳಿಯದವಳು, ಇವಳು ಓದಿದವಳು, ದಿನಾ ಕೈಯಾರೆ ಗುಳಿಗೆ ಕೊಟ್ಟಳು, ಒಂದು ದಿನ ತಪ್ಪಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಾನು ಈ ಹಬ್ಬ ನೋಡುತ್ತಿರಲಿಲ್ಲ.

ಕಾಕೂ ನನ್ನ ತಲೆಯ ಮೇಲೆ ಕೈಯಿಟ್ಟರು. ಹಂಚಿನ ಮೇಲೆ ಒಂದು ರೊಟ್ಟಿ ಇತ್ತು. ನಾನು ಅದನ್ನು ಇಳಿಸಿ ಒಲೆ ಆರಿಸಿದೆ. ಆಮೇಲೆ ಹೇಳೋಣ, ಕಾಕೂ ಹೋಗಲಿ ಎಂದು ಮನಸ್ಸು ಅಂದಿತು. ಇದೇ ಮನಸ್ಸು ಹಬ್ಬ ಮುಗಿಯಲಿ ಎಂದು ಹೇಳಿತ್ತು. ಸ್ಟೂಲಿನ ಮುಂದೆ ನೆಲದ ಮೇಲೆ ಕೂತೆ. ಕೈ ಹಿಟ್ಟಾಗಿತ್ತು, ಅಕ್ಕನನ್ನು ಮುಟ್ಟಲಿಲ್ಲ.

"ಅಕ್ಕಾ, ಹಂಗ ಅನಬ್ಯಾಡ. ಅದು ಖರೇ ಅಲ್ಲ. ದೀಪಾವಳಿ ಆದಮ್ಯಾಲ ನಾ ನಿನಗ ಬಿ.ಪಿ. ಗುಳಿಗಿ ಕೊಟ್ಟಿಲ್ಲ, ಕೊಬ್ಬಿಂದೂ ಕೊಟ್ಟಿಲ್ಲ. ಡಾಕ್ಟರ್ ಕಡಿಮಿ ಮಾಡಿದ್ದಿಲ್ಲ, ನಾನಽ ತಗದಿಟ್ಟಿದ್ದೆ. ನಿನ್ನ ತೋಳು ನೋಯ್ತಾವ, ಆರ್ಡರ್ ತಪ್ತಾವ ಅಂತ ತಗದಿಟ್ಟೆ. ನೀ ಡಾಕ್ಟರ್ ಮುಂದ ಒಂದೂ ತಪ್ಪಿಲ್ಲ ಅಂದಿ, ನಾ ಬಾಜೂಕಽ ನಿಂತು ಹೌದಂತ ಗೋಣು ಹಾಕಿದೆ. ನಿನ್ನ ಜೀವದ ಕೂಡ ಆಟ ಆಡಿದೆ. ನಂದು ತಪ್ಪಾತು, ಅಕ್ಕಾ. ಭಾಳ ತಪ್ಪಾತು. ನನ್ನ ಕ್ಷಮಾ ಮಾಡು."